ಮೂರನೆಯ ಗುಂಡಿ

ರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಷಿಪ್ಪಿನ ಮೂರನೆಯ ದಿನ, ಮಧ್ಯಾಹ್ನ ಮೂರೂ ನಲವತ್ತಕ್ಕೆ, ಐಸಿನ ಮೇಲಿದ್ದ ಮೂರು ಗುಂಡಿಗಳಲ್ಲಿ ಎರಡನ್ನು ಮಾತ್ರ ಮುಚ್ಚಿ, ಹದಿನೇಳು ವರ್ಷದ ಹುಡುಗಿಯೊಬ್ಬಳನ್ನು ಅದರ ಮೇಲೆ ಬಿಟ್ಟರು. ಮೂರನೆಯದರಲ್ಲಿ ಅವಳ ಎಡಗಾಲಿನ ಬ್ಲೇಡು ಸಿಕ್ಕಿಕೊಂಡಿತು. ಕಣಕಾಲಿನ ಮೂಳೆ ಎರಡು ಕಡೆ ಮುರಿಯಿತು.

ಮಾರನೆಯ ಬೆಳಿಗ್ಗೆ, ಸ್ಕೇಟಿಂಗ್ ರಿಂಕಿನ ಐಸು ನೋಡಿಕೊಳ್ಳುವ ಐಸಿನವನು ಎಂದಿನ ಹೊತ್ತಿಗೇ ಎದ್ದ. ಅವನಿಗೆ ಮೊದಲು ಚುಚ್ಚಿದ್ದು ಅದೇ. ರಾತ್ರಿಯೆಲ್ಲ ನಿದ್ದೆ ಬಾರದೆ ಹೊರಳಾಡಿದ್ದರೆ ಒಂದಿಷ್ಟು ಮರ್ಯಾದೆಯಾದರೂ ಉಳಿಯುತ್ತಿತ್ತು. ತಲೆ ದಿಂಬಿಗೆ ತಾಗಿದ್ದೇ ತಡ ಗೊರಕೆ ಹೊಡೆದಿದ್ದ. ಹಸಿವೂ ಆಗಿತ್ತು. ಕನ್ನಡಿಯ ಮುಂದೆ ನಿಂತು ಕೆನ್ನೆಗೆ ನೊರೆ ಹಚ್ಚಿ, ಕಿವಿಯ ಬುಡದಿಂದ ಗಲ್ಲದವರೆಗೆ ಒಂದು ಪಟ್ಟಿ, ಅದರ ಅಂಚನ್ನು ಅರ್ಧ ಬೆರಳಷ್ಟು ತುಳಿದು ಇನ್ನೊಂದು ಪಟ್ಟಿ, ಹೀಗೆ ರಿಂಕಿನಲ್ಲಿ ಐಸು ಹೆರೆಯುವ ಗಾಡಿ ಓಡಿಸುವ ಕ್ರಮದಲ್ಲೇ ಬ್ಲೇಡು ಎಳೆಯುತ್ತಿದ್ದವನಿಗೆ, ಹತ್ತೊಂಬತ್ತು ವರ್ಷಗಳಿಂದ ತಾನು ಮಾಡಿಕೊಂಡು ಬಂದದ್ದು ಇದೊಂದೇ ಕೆಲಸ ಅನ್ನಿಸಿತು: ಬೇರೆಯವರು ಬಿಟ್ಟ ಗುರುತನ್ನು ಅಳಿಸುವುದು. ಮಕ್ಕಳು ಬಂದು ಐಸನ್ನು ಗೀರುತ್ತಾರೆ, ಕೊರೆಯುತ್ತಾರೆ, ಬಿದ್ದು ಅಳುತ್ತಾರೆ. ಅವನು ಗಾಡಿ ಹತ್ತಿ ಬಂದು ಮೇಲಿನ ಸಿಪ್ಪೆ ಹೆರೆದು ಬಿಸಿನೀರು ಸವರಿ ಹೋದರೆ ಮುಗಿಯಿತು, ಅಲ್ಲಿ ಯಾರೂ ಕುಣಿದಿರಲಿಲ್ಲ, ಯಾರೂ ಬಿದ್ದಿರಲಿಲ್ಲ. ತಣ್ಣೀರಾದರೆ ಮೇಲೆಮೇಲೇ ಗಟ್ಟಿಯಾಗುತ್ತದೆ, ಬಿಸಿನೀರಾದರೆ ಹಳೆಯ ಗೀರಿನೊಳಗೆ ಇಳಿದು ಹಿಡಿದುಕೊಳ್ಳುತ್ತದೆ ಎಂದು ಹೊಸಬರಿಗೆ ಹೇಳಿಕೊಡುವಾಗ ಅವನ ದನಿಗೆ ಮಹಾಗುರುಗಳ ಗತ್ತು ಬರುತ್ತಿತ್ತು. ನಿನ್ನೆಯೂ ಹಾಗೇ. ಹುಡುಗಿಯನ್ನು ಸ್ಟ್ರೆಚರಿನ ಮೇಲೆ ಹೊತ್ತುಕೊಂಡು ಹೋದ ಮೇಲೆ, ಬಾಗಿಲ ಪರದೆ ಇನ್ನೂ ಅಲ್ಲಾಡುತ್ತಿರುವಾಗಲೇ ಸಂಘದ ಕಾರ್ಯದರ್ಶಿ ಗಾಳಿಯಲ್ಲಿ ಬೆರಳು ತಿರುಗಿಸಿದ್ದರು, ಒಂದು ಸುತ್ತು ಹೊಡಿ ಅಂತ. ಅವನು ಹೊಡೆದಿದ್ದ. ಏಳು ನಿಮಿಷ. ಅವಳ ನಂತರದ ಸರದಿಯ ಹುಡುಗಿಯ ಕೋಚು, ಇಡೀ ಪಂದ್ಯದಲ್ಲಿ ಇಷ್ಟು ನುಣುಪು ಐಸು ಸಿಕ್ಕಿರಲಿಲ್ಲ ಎಂದು ಬೆನ್ನು ತಟ್ಟಿದ್ದ. ಅದಕ್ಕೆ ತಾನು ಹಲ್ಲು ಕಿರಿದಿದ್ದನ್ನು ನೆನೆದು ಕನ್ನಡಿಯಲ್ಲಿ ಮತ್ತೊಮ್ಮೆ ಅದೇ ಥರ ಕಿರಿದು ನೋಡಿದ. ನೊರೆಯ ನಡುವೆ ಹಲ್ಲು ಹಳದಿಯಾಗಿ ಕಂಡವು.

ಹೆಂಡತಿ ಕಿಟಕಿಯ ಬಳಿ ಕೂತು ಮಣಿ ಪೋಣಿಸುತ್ತಿದ್ದಳು. ರಿಂಕಿನ ಅರ್ಧಕ್ಕರ್ಧ ಹುಡುಗಿಯರ ಉಡುಪಿಗೆ ಮಣಿ, ಮಿಂಚು ಹೊಲಿದುಕೊಡುವುದು ಅವಳ ಕೆಲಸ. ಗಂಡ ಮಾಡುವ ಐಸಿನ ಮೇಲೆ ಹೆಂಡತಿ ಹೊಲಿದ ಮಣಿ ಹೊಳೆಯುತ್ತದೆ, ಮಿಕ್ಕವರಿಗೆ ಪದಕ ಸಿಗುತ್ತದೆ ಎಂಬುದು ಅವರ ಮನೆಯ ಹಳೆಯ ತಮಾಷೆ. ಈ ದಿನ ಅವಳ ತೊಡೆಯ ಮೇಲಿದ್ದದ್ದು ನೀಲಿ ಉಡುಪು. ಸೊಂಟದ ಬಳಿ ಒಂದು ಗೇಣು ಹರಿದಿತ್ತು. ಅದನ್ನು ನೋಡಿದ ಕೂಡಲೇ ಅವನು ಚಹಾದ ಲೋಟವನ್ನು ಬೇರೆ ಕಡೆ ತಿರುಗಿ ಕುಡಿಯತೊಡಗಿದ.

"ಅದನ್ನ ಈಗ ಯಾಕೆ ಹೊಲೀತಿದೀಯ? ಅವಳು ಇನ್ನು ಆರು ತಿಂಗಳು ಏಳಲ್ಲ."

"ಹರಿದಿದೆ, ಹೊಲೀತಿದೀನಿ. ಅರ್ಧಕ್ಕೆ ಬಿಟ್ಟು ಎದ್ದು ಹೋಗೋ ಅಭ್ಯಾಸ ನಂಗಿಲ್ಲ."

ಅವಳಿಗೆ ಏನೂ ಗೊತ್ತಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದಕೂಡಲೇ ಹೆಗಲು ಮುಟ್ಟಿಕೊಂಡವನಂತೆ ಅವನ ಕೈ ತನ್ನಷ್ಟಕ್ಕೆ ಷರಟಿನ ಗುಂಡಿ ತಡಕಿತು.

"ರೀ, ಅವಳಮ್ಮ ಬೆಳಿಗ್ಗೆನೇ ಫೋನ್ ಮಾಡಿದ್ಳು. ಲೇಸ್ ಸಡಿಲ ಇತ್ತಂತೆ. ಕಾರ್ಯದರ್ಶಿಗಳೇ ಆಸ್ಪತ್ರೆಗೆ ಬಂದು ಹೇಳಿದ್ರಂತೆ, ಪಾಪ, ಹಣ್ಣು ಬೇರೆ ತಂದುಕೊಟ್ಟು. ಆ ಮಗೂಗೆ ದಿನಾ ಲೇಸ್ ಕಟ್ಟೋದು ಅವಳೇ ಅಲ್ವಾ? ನನ್ನ ಕೈಯಾರೆ ನನ್ನ ಮಗಳ ಕಾಲು ಮುರಿದೆ ಅಂತ ಒಂದೇ ಸಮ ಅಳ್ತಿದ್ಳು." ದಾರ ಕಚ್ಚಿ ತುಂಡರಿಸಿ ಅವನತ್ತ ನೋಡಿದಳು. "ನೀವು ಅಲ್ಲೇ ಇದ್ರಲ್ಲ. ನೋಡಿದ್ರಾ?"

"ನಾನು ಗಾಡಿ ಹತ್ರ ಇದ್ದೆ."

ಗಾಡಿಯ ಹತ್ತಿರವೇನೋ ಇದ್ದ. ಎಷ್ಟು ಹೊತ್ತಿಗೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಸತ್ಯವನ್ನೂ ಹೀಗೆ ಎರಡು ಕಡೆ ಕತ್ತರಿಸಿ ನಡುವಿನ ತುಂಡನ್ನು ಮಾತ್ರ ತಟ್ಟೆಗೆ ಹಾಕುವ ಕಲೆ ತನಗೆ ಯಾವಾಗ ಬಂತೆಂದು ಯೋಚಿಸುತ್ತ ರಿಂಕಿನ ಕಡೆ ನಡೆದ. ಹಾದಿಯುದ್ದಕ್ಕೂ ಕಂಬಕ್ಕೊಂದು ಭಿತ್ತಿಪತ್ರ. ಸ್ಕೇಟಿಂಗಿನ ಭಿತ್ತಿಪತ್ರವಾದ್ದರಿಂದ ಅದರಲ್ಲಿ ಅಧ್ಯಕ್ಷರ ಮುಖ ದೊಡ್ಡದು, ಕಾರ್ಯದರ್ಶಿಯವರ ಮುಖ ಅದಕ್ಕಿಂತ ಚೂರು ಚಿಕ್ಕದು, ಮುಖ್ಯ ಅತಿಥಿಯ ಮುಖ ಇಬ್ಬರಿಗಿಂತ ದೊಡ್ಡದು. ಕೆಳಗಿನ ಮೂಲೆಯಲ್ಲಿ, ಪ್ರೆಸ್ಸಿನವರ ಹೆಸರಿನ ಪಕ್ಕ, ಸ್ಕೇಟು ಕಟ್ಟಿದ ಒಂದು ಕಾಲು. ಬರೀ ಕಾಲು. ಅದು ಯಾರ ಕಾಲೆಂದು ಕೇಳಿದರೆ ಸಂಘದಲ್ಲಿ ಯಾರಿಗೂ ತಿಳಿಯದು. ಅವನಿಗೆ ತಿಳಿದಿತ್ತು. ಲೇಸನ್ನು ಮೇಲಿನ ಕೊಕ್ಕೆಗೆ ಎರಡು ಸಲ ಸುತ್ತಿ, ಗಂಟಿನ ಕಿವಿಗಳನ್ನು ಒಳಕ್ಕೆ ತುರುಕಿ, ಮೇಲೆ ಅಡ್ಡಕ್ಕೆ ಬಿಳಿ ಪಟ್ಟಿ ಅಂಟಿಸುವುದು ಮಿಡತೆಯ ಅಮ್ಮನ ಪದ್ಧತಿ. ನಿನ್ನೆ ಕಾಲು ಮುರಿದುಕೊಂಡ ಹುಡುಗಿಗೆ ಮಿಡತೆ ಎಂದು ಹೆಸರಿಟ್ಟವನೂ ಅವನೇ. ಆರು ವರ್ಷದವಳಿದ್ದಾಗ ಎರಡೂ ಕಾಲೆತ್ತಿ ನೆಗೆದು ತಡೆಗೋಡೆಗೆ ಬಡಿದುಕೊಂಡು, ಅಳುವ ಬದಲು "ಮಾಮ, ನಿಮ್ಮ ಐಸು ಜಾರತ್ತೆ" ಎಂದು ದೂರು ಕೊಟ್ಟವಳು. ಅಮ್ಮ ಬೇಕರಿಯಲ್ಲಿ ಒಲೆಯ ಮುಂದೆ ರಾತ್ರಿಪಾಳಿ ಮುಗಿಸಿ ನೇರ ಬರುತ್ತಿದ್ದಳು, ಮೊಣಕೈಯಲ್ಲಿ ಹಿಟ್ಟು ಹಾಗೇ ಇರುತ್ತಿತ್ತು. ಮಗಳ ಮುಂದೆ ಮಂಡಿಯೂರಿ ಲೇಸು ಎಳೆಯುವಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷ ಒಂದು ದಿನವೂ ಆ ಲೇಸು ಬಿಚ್ಚಿದ್ದನ್ನು ಅವನು ಕಂಡಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಅಲ್ಲಿ ಎಮ್ಮೆಯಾದರೂ ಬರೆ ಬಿದ್ದಾಗ ಕೂಗುತ್ತದೆ. ಇವಳು ಕಬ್ಬಿಣ ಕಾಯಿಸಿ ತನಗೆ ತಾನೇ ಎಳೆದುಕೊಳ್ಳುತ್ತಿದ್ದಾಳೆ.

ಗೇಟಿನ ಕಾವಲುಗಾರ ಇವನನ್ನು ಕಂಡು ಕೂತಲ್ಲಿಂದಲೇ ಸಲಾಮು ಹೊಡೆದ. "ಬರಬೇಕು ಬರಬೇಕು ಬಕೆಟ್ ಮಹಾರಾಜರು. ನಿನ್ನೆ ಟೀವಿಲಿ ಬಂದೆ ಕಣಯ್ಯ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹೋಗ್ಬಿಟ್ಟೆ. ನಮ್ಮನೆಯವಳು ನೋಡಿ, ಅದ್ಯಾರು ಮುಖ್ಯ ಅತಿಥಿ ಹಿಂದೆ ಬಗ್ಗಿಕೊಂಡು ಓಡ್ತಿರೋದು, ಜೇಬುಗಳ್ಳನಾ ಅಂದ್ಲು."

ನಕ್ಕ. ನಗುವುದು ಐಸಿನವನಿಗೆ ಈಚೆಗೆ ಬಲು ಸಲೀಸಾಗಿತ್ತು. ಬಕೆಟ್ ಎಂಬ ಹೆಸರು ಹಳೆಯದು; ಆ ಕಟ್ಟಡದಲ್ಲಿ ದೊಡ್ಡವರಿಗೆ ಬಕೆಟ್ ಹಿಡಿಯುವವರು ಬಹಳ, ಆದರೆ ಅವರೆಲ್ಲರ ಕೈ ಖಾಲಿ, ನಿಜವಾದ ಬಕೆಟ್ಟು ಇದ್ದದ್ದು ಇವನೊಬ್ಬನ ಕೈಯಲ್ಲಿ. ಅದರಲ್ಲಿ ಹೆರೆದ ಐಸಿನ ಪುಡಿ ಮತ್ತು ನೀರು ಕಲಸಿದ ಗಟ್ಟಿ ಗಂಜಿ. ಗುಂಡಿ ಬಿದ್ದಲ್ಲಿ ಒಂದು ಹಿಡಿ ತುಂಬಿ, ಅಂಗೈಯಲ್ಲಿ ಒತ್ತಿ, ಮೇಲೆ ನೀರು ಚಿಮುಕಿಸಿ, ಮನಸ್ಸಿನಲ್ಲೇ ಅರವತ್ತು ಎಣಿಸಿದರೆ ಹಿಡಿದುಕೊಳ್ಳುತ್ತದೆ. ಒಂದು ಗುಂಡಿಗೆ ಒಂದು ನಿಮಿಷ. ನಿನ್ನೆಯ ಗುಂಡಿಗಳು ಸ್ಕೇಟಿನವಲ್ಲ, ಮೈಕಿನವು. ಐಸಿನ ಮೇಲೆ ಏನೇ ಇಟ್ಟರೂ ಕೆಳಗೆ ಹಲಗೆ ಇರಬೇಕು, ಇದು ಅವನ ಒಂದೇ ಒಂದು ಕಾನೂನು. ಅದಕ್ಕೆಂದೇ ಹಳೆಯ ಬಾಗಿಲೊಂದನ್ನು ಕುಯ್ದು ಹಲಗೆ ಮಾಡಿಟ್ಟುಕೊಂಡಿದ್ದ. ಒಂದು ಮೂಲೆಯಲ್ಲಿ ಇನ್ನೂ ಚಿಲಕದ ತೂತಿತ್ತು. ನಿನ್ನೆ ಕೊನೆಯ ಗುಂಪಿನ ಆರು ಹುಡುಗಿಯರು ಮೈ ಬಿಸಿ ಮಾಡಿಕೊಂಡು ಮುಗಿಸುವ ಹೊತ್ತಿಗೆ ಸರಿಯಾಗಿ, ಒಂದೂವರೆ ಗಂಟೆ ತಡವಾಗಿ, ಮುಖ್ಯ ಅತಿಥಿಗಳು ಬಂದರು. ಕೆಂಪು ಜಮಖಾನ ಹಾಸಿದರು. ನಡುವೆ ಮೂರು ಕಾಲಿನ ಕಬ್ಬಿಣದ ಮೈಕ್ ಸ್ಟ್ಯಾಂಡು. ಅವನು ಹಲಗೆ ತಂದು ಕೆಳಗೆ ಇಟ್ಟ. ಕಾರ್ಯದರ್ಶಿಯವರು ಅದನ್ನು ಬೂಟಿನ ತುದಿಯಿಂದ ಮುಟ್ಟಿ, "ಇದೇನಯ್ಯಾ ಕಕ್ಕಸಿನ ಬಾಗಿಲು, ಕ್ಯಾಮೆರಾದಲ್ಲಿ ಅಸಹ್ಯ ಕಾಣ್ಸತ್ತೆ, ತೆಗಿ" ಎಂದರು. ತೆಗೆದ. ತೆಗೆಯುವಾಗ "ಸಾರ್, ಅದು..." ಎಂದಷ್ಟೇ ಅಂದ. ಇಂಥ ಎರಡು ಶಬ್ದಗಳನ್ನು ಅವನು ಮೊನ್ನೆಯವರೆಗೆ ಪ್ರತಿಭಟನೆ ಎಂದು ಕರೆಯುತ್ತಿದ್ದ.

ನಾಲ್ಕು ನಿಮಿಷದ ಭಾಷಣವೆಂದು ಕಾರ್ಯಕ್ರಮಪಟ್ಟಿಯಲ್ಲಿತ್ತು. ಇಪ್ಪತ್ತಾರು ನಿಮಿಷ ನಡೆಯಿತು. ಯುವಜನರ ಕಾಲ ಕೆಳಗೆ ಗಟ್ಟಿ ನೆಲ ಹಾಕಿಕೊಡುವುದೇ ತಮ್ಮ ಜೀವನದ ಗುರಿ ಎಂದು ಅವರು ಹೇಳುತ್ತಿದ್ದರೆ ಯುವಜನರು ಗೋಡೆಯ ಆಚೆ ಜಾಕೆಟ್ಟು ಹೊದ್ದು ಸೆಟೆದುಕೊಳ್ಳುತ್ತಿದ್ದರು. ಟೀವಿಯವರ ದೀಪಗಳು ಜಮಖಾನವನ್ನು ಕಾಯಿಸುತ್ತಿದ್ದವು. ಮಾತಿಗೊಮ್ಮೆ ಅತಿಥಿಗಳು ಸ್ಟ್ಯಾಂಡಿನ ಕೊರಳು ಹಿಡಿದು ಒತ್ತುತ್ತಿದ್ದರು, ಒತ್ತಿದಾಗಲೊಮ್ಮೆ ಅದು ಕೂದಲೆಳೆಯಷ್ಟು ಗಿಡ್ಡವಾಗುತ್ತಿತ್ತು. ಅದನ್ನು ಕಂಡದ್ದು ಆ ಸಭಾಂಗಣದಲ್ಲಿ ಒಬ್ಬನೇ. ತೀರ್ಪುಗಾರರು ಅತಿಥಿಗಳ ಜೊತೆ ಫೋಟೋಕ್ಕೆ ಸಾಲು ನಿಂತಿದ್ದರು. ಹುಡುಗಿಯರ ಪಾದದ ಅಂಚು ಎಳ್ಳಷ್ಟು ಒಳಕ್ಕೋ ಹೊರಕ್ಕೋ ವಾಲಿದ್ದನ್ನು ಇಪ್ಪತ್ತು ಗಜದಿಂದ ಹಿಡಿಯಬಲ್ಲ ಕಣ್ಣುಗಳಿಗೆ ಎದುರಿಗೇ ಹೂತುಹೋಗುತ್ತಿದ್ದ ಕಬ್ಬಿಣ ಕಾಣಲಿಲ್ಲ. ಜಮಖಾನ ಸುತ್ತಿದಾಗ ಮೂರು ಗುಂಡಿ, ಹೆಬ್ಬೆರಳಷ್ಟು ಆಳ. ಗಾಡಿ ತರ್ತೀನಿ ಎಂದ. ಟೀವಿ ಸಮಯ ಮೀರತ್ತೆ, ಬೇಡ ಎಂದರು. ಬಕೆಟ್ಟು ಹಿಡಿದು ಮಂಡಿಯೂರಿದ. ಮೊದಲನೆಯದು ಮುಚ್ಚಿ ಅರವತ್ತು ಎಣಿಸಿದ. ಎರಡನೆಯದನ್ನು ಮುಚ್ಚಿ ನಲವತ್ತಕ್ಕೆ ಬಂದಾಗ ಬೆನ್ನ ಹಿಂದೆ ಚಿಟಿಕೆ ಕೇಳಿಸಿತು. ಕಾರ್ಯದರ್ಶಿ. "ಏಯ್, ಏಳು, ಏಳು. ಕ್ಯಾಮೆರಾದಲ್ಲಿ ಬರ್ತಿದೀಯ."

ಎದ್ದ. ಎದ್ದದ್ದಷ್ಟೇ ಅಲ್ಲ, ಕ್ಯಾಮೆರಾಕ್ಕೆ ಅಡ್ಡವಾಗಬಾರದೆಂದು ಸೊಂಟ ಬಗ್ಗಿಸಿ ಓಡಿದ. ಅದನ್ನು ಮರೆಯಲು ಆಗುತ್ತಿರಲಿಲ್ಲ. ಗುಂಡಿಯನ್ನಾದರೂ ಮರೆಯಬಹುದಿತ್ತೇನೋ, ಆ ಬಗ್ಗುವಿಕೆಯನ್ನು ಆಗುತ್ತಿರಲಿಲ್ಲ. ಯಾರೂ ಬಗ್ಗು ಎಂದಿರಲಿಲ್ಲ. ಸಂಬಳವಿಲ್ಲದ ಆ ಸೇವೆ ಸ್ವಂತ ಖುಷಿಯಿಂದ ಸಲ್ಲಿಸಿದ್ದು. ಗೋಡೆ ಮುಟ್ಟಿ ತಿರುಗಿ ನೋಡುವಾಗ ಮಿಡತೆ ನಡುವಿಗೆ ಬಂದು ನಿಂತಾಗಿತ್ತು. ಕೂಗಬಹುದಿತ್ತು. ಸಂಗೀತ ಶುರುವಾಗಲು ಎರಡು ಉಸಿರು ಬಾಕಿಯಿತ್ತು. ಅವಳು ಅಲ್ಲಿ ಹೋಗದೆಯೂ ಇರಬಹುದು, ಅಷ್ಟು ದೊಡ್ಡ ಐಸಿನಲ್ಲಿ ಎರಡು ಬೆರಳಗಲದ ಜಾಗ ಯಾಕೆ ಸಿಗಬೇಕು ಎಂದುಕೊಂಡ. ಸಂಗೀತ ಶುರುವಾಗಿ ಒಂದು ನಿಮಿಷ ಹತ್ತು ಸೆಕೆಂಡಿನವರೆಗೆ ಸಿಗಲೂ ಇಲ್ಲ.

ಕಾವಲುಗಾರನನ್ನು ದಾಟಿ ಕಟ್ಟಡದ ಹಿಂದಕ್ಕೆ ಹೋದ. ಅಲ್ಲಿ ಐಸಿನ ಗುಡ್ಡೆ. ಗಾಡಿ ಹೆರೆದ ಪುಡಿಯನ್ನೆಲ್ಲ ಅಲ್ಲಿ ಸುರಿಯುತ್ತಾನೆ. ಮೂರು ದಿನದ ಚಾಂಪಿಯನ್‌ಷಿಪ್ಪು ಕರಗಿ ಚರಂಡಿಯ ಕಡೆ ಹೊರಟಿತ್ತು. ಸಲಿಕೆಯ ತುದಿಯಿಂದ ಕೆದಕಿದ. ಯಾಕೆ ಕೆದಕುತ್ತಿದ್ದೇನೆಂದು ಕೇಳಿಕೊಳ್ಳದೆ ಕೆದಕಿದ. ಜಮಖಾನದ ಕೆಂಪು ನೂಲು ಒಂದಿಷ್ಟು, ಕೂದಲ ಪಿನ್ನು, ಒಂದು ನೀಲಿ ಮಣಿ. ಮಣಿ ಹೆಂಡತಿಯದು, ಎಂದರೆ ಮಿಡತೆಯದು. ಗುಂಡಿಯನ್ನು ಮಾತ್ರ ಯಾವ ಸಲಿಕೆಯೂ ಹೊರತೆಗೆಯಲಾರದು. ಗುಂಡಿ ಎಂಬುದು ಇಲ್ಲದ್ದರ ಹೆಸರು. ಇಲ್ಲದ್ದನ್ನು ಏಳು ನಿಮಿಷದಲ್ಲಿ ಇಲ್ಲವಾಗಿಸಿದ ಮೇಲೆ ಲೋಕದಲ್ಲಿ ಅದು ಉಳಿದದ್ದು ಇವನ ತಲೆಯೊಳಗೆ ಮಾತ್ರ. ಇನ್ನು ಆ ಐಸು ಪೂರಾ ಈ ತಲೆಯೊಳಗೇ ಇದೆ ಎಂದು ಹಣೆ ಒರೆಸಿಕೊಂಡ.

"ಐಸಣ್ಣ."

ಮಿಡತೆಯ ಅಮ್ಮ. ಮಗಳ ಚೀಲ ಒಯ್ಯಲು ಬಂದಿದ್ದಳು. ಜೊತೆಗೆ, ಸ್ಪರ್ಧೆಯಲ್ಲಿ ಭಾಗವಹಿಸಿದ ಪ್ರಮಾಣಪತ್ರವನ್ನು ಸಮಾರೋಪದಲ್ಲಿ ಖುದ್ದಾಗಿ ಬಂದು ಪಡೆಯತಕ್ಕದ್ದು ಎಂದು ಸಂಘದ ನಿಯಮ. ಮಗಳ ಪರವಾಗಿ ಇವಳೇ ಪಡೆಯಬಹುದೆಂದು ದೊಡ್ಡ ಮನಸ್ಸು ಮಾಡಿದ್ದರು. ಮೊಣಕೈಯಲ್ಲಿ ಈ ದಿನ ಹಿಟ್ಟಿರಲಿಲ್ಲ. ಅದಿಲ್ಲದೆ ಅವಳ ಕೈಗಳು ಬೇರೆ ಯಾರದ್ದೋ ಅನ್ನಿಸಿತು. ಚೀಲದಿಂದ ಬಿಳಿ ಬೂಟು ತೆಗೆದಳು. ಲೇಸು ಮೇಲಿನಿಂದ ಕೆಳಗಿನವರೆಗೆ ಕತ್ತರಿಯಲ್ಲಿ ಕತ್ತರಿಸಿತ್ತು, ಕಾಲು ಹೊರತೆಗೆಯಲು ಆಸ್ಪತ್ರೆಯವರು ಮಾಡಿದ್ದು.

"ಗಂಟು ಯಾವುದು, ಸಡಿಲ ಯಾವುದು, ನೋಡಿದ್ರೆ ಈಗ ಏನೂ ಗೊತ್ತಾಗಲ್ಲ," ಎಂದಳು. "ನಾನು ಎರಡು ಸಲ ಸುತ್ತಿದ್ದೆ ಅಣ್ಣ. ಸುತ್ತಿದ್ನೋ, ಸುತ್ತಿದೆ ಅಂದ್ಕೊಂಡ್ನೋ. ಭಾಷಣ ಮುಗಿಯೋವರೆಗೂ ಕಾಲು ತಣ್ಣಗಾಗ್ತಿದೆ ಅಮ್ಮ ಅಂದ್ಲು ಅಂತ ಒಂದ್ಸಲ ಬಿಚ್ಚಿ ಮತ್ತೆ ಕಟ್ಟಿದೆ. ಆವಾಗ ತಪ್ಪಿತಾ ಅಂತ. ಅವಳು ನನ್ನನ್ನ ಒಂದು ಮಾತು ಅಂತಿಲ್ಲ, ಗೋಡೆ ಕಡೆ ತಿರುಗಿ ಮಲಗಿದಾಳೆ ಅಷ್ಟೇ. ನೀವು ಹತ್ತಿರ ಇದ್ರಿ. ಲೇಸ್ ಬಿಚ್ಚಿತ್ತಾ?"

ಉತ್ತರ ನಾಲಿಗೆಯ ಮೇಲೇ ಇತ್ತು. ಇಲ್ಲ ಎನ್ನುವ ಎರಡಕ್ಷರ. ಆದರೆ ಅದರ ಬಾಲ ಹಿಡಿದುಕೊಂಡು ಇನ್ನೊಂದು ಪ್ರಶ್ನೆ ಬರುತ್ತದೆ, ಹಾಗಾದರೆ ಯಾಕೆ ಬಿದ್ದಳು ಅಂತ. ಅದರ ಹಿಂದೆ ಮತ್ತೊಂದು, ನೀನೇನು ಮಾಡುತ್ತಿದ್ದೆ ಅಂತ. ಮಣಿಯನ್ನು ಮುಷ್ಟಿಯಲ್ಲಿ ಒತ್ತಿಕೊಂಡು, ಚರಂಡಿಗೆ ಹರಿಯುತ್ತಿದ್ದ ನೀರನ್ನು ನೋಡುತ್ತ, "ನಾನು ಸರಿಯಾಗಿ ನೋಡ್ಲಿಲ್ಲಮ್ಮ" ಎಂದ.

ಅವಳು ತಲೆಯಾಡಿಸಿದಳು. ಅವನಿಗೆ ತೊಂದರೆ ಕೊಟ್ಟದ್ದಕ್ಕೆ ಬೇಜಾರು ಮಾಡಿಕೊಂಡವಳ ಹಾಗೆ, "ಹೋಗ್ಲಿ ಬಿಡಿ, ನಿಮಗೂ ಕೆಲಸ" ಎಂದಳು. ಬೂಟನ್ನು ಮಗುವನ್ನು ಮಲಗಿಸುವಂತೆ ಚೀಲದಲ್ಲಿಟ್ಟು ಹೋದಳು. ಎರಡು ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಹನ್ನೊಂದಕ್ಕೆ ಕಾರ್ಯದರ್ಶಿಗಳ ಕೋಣೆಗೆ ಕರೆ ಬಂತು. ಆ ಕೋಣೆಯಲ್ಲಿ ಹೀಟರು ಇದೆ. ಐಸಿನ ಸಂಘದ ಪದಾಧಿಕಾರಿಗಳಿಗೆ ಚಳಿಯಾಗಬಾರದಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವನು ಅಲ್ಲಿ ನಿಂತದ್ದು ಎಷ್ಟೋ ಸಲ, ಕೂತದ್ದು ಇದೇ ಮೊದಲು. "ಕೂತ್ಕೊಳ್ಳಿ" ಎಂದರು. ಬಹುವಚನ. ಅವನು ತನ್ನ ಹಿಂದೆ ಯಾರಾದರೂ ಬಂದರೇನೋ ಎಂದು ತಿರುಗಿ ನೋಡಿದ. ಚಹಾ ಬಂತು, ತಟ್ಟೆಯ ಮೇಲೆ ಎರಡು ಬಿಸ್ಕತ್ತು. ಬಹುವಚನಕ್ಕೂ ಬಿಸ್ಕತ್ತಿಗೂ ನಡುವೆ ಕಾಗದವೊಂದು ಇದ್ದೇ ಇರುತ್ತದೆಂದು ಅವನಿಗೆ ತಿಳಿಯದ್ದೇನಲ್ಲ. ಆದರೂ ಕುರ್ಚಿ ಮೆತ್ತಗಿತ್ತು, ಬೆನ್ನು ನಾಚಿಕೆಯಿಲ್ಲದೆ ಒರಗಿತು.

"ನೀವು ನಮ್ಮ ಮನೆಯವರಿದ್ದ ಹಾಗೆ," ಎಂದರು ಕಾರ್ಯದರ್ಶಿ. ಆ ಮನೆಯ ಬಾಗಿಲನ್ನೇ ನಿನ್ನೆ ಕಕ್ಕಸಿನದೆಂದು ಒದ್ದದ್ದು ಅವನಿಗೆ ನೆನಪಾಯಿತು. "ಸಣ್ಣ ವರದಿ. ನಿಯಮ ಏನಪ್ಪ ಅಂದ್ರೆ, ಐಸಿನ ತಪ್ಪಾದ್ರೆ ಆ ಹುಡುಗಿ ಜಾಗಾನ ದೇಶದ ತಂಡದಲ್ಲಿ ಒಂದು ವರ್ಷ ಕಾಯ್ದಿರಿಸಬೇಕು. ಅವಳ ತಪ್ಪಾದ್ರೆ ಇಲ್ಲ. ಅದು ಬಿಡಿ, ನಮ್ಮ ಐಸು ಸರಿಯಿಲ್ಲ ಅಂತಾದ್ರೆ ಮುಂದಿನ ವರ್ಷ ಹೊರದೇಶದವರು ಇಲ್ಲಿಗೆ ಬರಲ್ಲ. ನಿಮ್ಮ ಐಸಿನ ಮರ್ಯಾದೆ ಪ್ರಶ್ನೆ. ಓದಿ."

ಓದಿದ. ಘಟನೆಯ ವೇಳೆ ಐಸು ಅತ್ಯುತ್ತಮ ಸ್ಥಿತಿಯಲ್ಲಿದ್ದು, ಸ್ಪರ್ಧಿಯ ಎಡ ಬೂಟಿನ ಲೇಸು ಸಡಿಲಗೊಂಡಿದ್ದುದನ್ನು ಕೆಳಗೆ ಸಹಿ ಮಾಡಿದಾತನು ಕಣ್ಣಾರೆ ಕಂಡಿರುತ್ತಾನೆ. ಇಲ್ಲಿ ಮತ್ತೆ ಏಕವಚನ. ಬಹುವಚನ ಬಾಯಿಗೆ ಮಾತ್ರ, ಕಾಗದಕ್ಕೆ ಇಳಿಯುವಷ್ಟು ಅದು ಉಳಿದಿರಲಿಲ್ಲ. ಊರೆಲ್ಲ ಬೈಯುವಾಗ ತಿಪ್ಪೆ ಸಾರಿಸುವುದು ಎನ್ನುತ್ತಾರಲ್ಲ, ಈ ಕೆಲಸಕ್ಕೆ ತನ್ನಷ್ಟು ಅನುಭವಸ್ಥ ಇನ್ಯಾರಿದ್ದಾರೆ. ಹೆರೆದು, ಬಿಸಿನೀರು ಹಾಕಿ, ಅಂಚಿನ ಮೇಲೆ ಅಂಚು ತುಳಿದು.

"ಗುಂಡಿ ಇತ್ತಲ್ಲ ಸಾರ್," ಎಂದ. ದನಿ ಚಹಾದೊಳಗೆ ಬಿದ್ದ ಬಿಸ್ಕತ್ತಿನಂತೆ ಅರ್ಧದಲ್ಲೇ ಕುಸಿಯಿತು.

"ಯಾವ ಗುಂಡಿ?" ಕಾರ್ಯದರ್ಶಿ ನಿಜಕ್ಕೂ ಕುತೂಹಲದಿಂದ ಕೇಳಿದರು. "ತೋರಿಸಿ, ಹೋಗಿ ನೋಡೋಣ. ಇತ್ತು ಅಂತಾನೇ ಬರೆಯೋಣ ಬೇಕಾದ್ರೆ, ನಂಗೇನು. ಆಮೇಲೆ ಗುಂಡಿ ಮುಚ್ಚೋ ಕೆಲಸ ಯಾರದ್ದು ಅಂತ ಕೇಳ್ತಾರೆ. ಮುಚ್ಚದೆ ಎದ್ದು ಹೋದವರು ಯಾರು ಅಂತಾನೂ ಕೇಳ್ತಾರೆ. ವಿಡಿಯೋದಲ್ಲಿ ಬಗ್ಗಿಕೊಂಡು ಓಡೋದು ಚೆನ್ನಾಗಿ ಬಂದಿದೆ."

"ನೀವೇ ಏಳು ಅಂದ್ರಿ."

"ಅಂದಿರಬಹುದು. ನಾನು ದಿನಕ್ಕೆ ನೂರು ಜನಕ್ಕೆ ಏನೇನೋ ಅಂತೀನಿ. ಅದಕ್ಕೆ ಸಾಕ್ಷಿ?" ನಕ್ಕು ಪೆನ್ನು ಮುಂದಿಟ್ಟರು. "ಆ ಹೆಂಗಸು ಹೇಗೂ ಒಪ್ಪಿಕೊಂಡಿದಾಳೆ. ನಾವ್ಯಾರೂ ಬಲವಂತ ಮಾಡಿಲ್ಲ. ತಾಯಿಕರುಳು ನೋಡಿ, ತಪ್ಪೆಲ್ಲ ತನ್ನದೇ ಅಂದ್ಕೊಳ್ಳತ್ತೆ."

ಪೆನ್ನು ಹಿಡಿದ. ಪೆನ್ನಿನ ಮೇಲೂ ಸಂಘದ ಲಾಂಛನ, ಮತ್ತದೇ ಕಾಲು. ಆ ಪುಟ್ಟ ಕಾಲಿನ ಮೇಲೆ ತನ್ನ ಹೆಬ್ಬೆರಳು ಒತ್ತಿ ಕೂತಿತ್ತು. ಇಲ್ಲ ಎನ್ನಲು ಧೈರ್ಯ ಬೇಕಿತ್ತು, ಅದಿರಲಿಲ್ಲ. ಇದ್ದದ್ದು ಸುಳ್ಳು ಮಾತ್ರ, ಅದನ್ನೇ ಬಳಸಿದ. "ಕನ್ನಡಕ ಮನೇಲಿದೆ ಸಾರ್. ಸಹಿ ಎಲ್ಲಿ ಮಾಡ್ಬೇಕು ಅಂತ ಸರಿಯಾಗಿ ಕಾಣ್ತಿಲ್ಲ." ಆಗಷ್ಟೇ ಇಡೀ ಕಾಗದ ಓದಿದವನು. ಕಾರ್ಯದರ್ಶಿಗಳು ಅವನನ್ನು ಎರಡು ಗಳಿಗೆ ನೋಡಿ, "ಸಮಾರೋಪ ಮುಗಿದ ತಕ್ಷಣ" ಎಂದರು. "ಕನ್ನಡಕ ತರಿಸಿಕೊಳ್ಳಿ. ಈಗ ಹೋಗಿ ಜಮಖಾನ ಹಾಸಿ."

ಜಮಖಾನ ಹಾಸಿದ. ಐಸಿನ ಮೇಲೆ ಮಂಡಿಯೂರಿ ಮಡಿಕೆ ತೀಡುತ್ತ ಹೋದವನ ಅಂಗೈ ಒಂದು ಕಡೆ ತಾನಾಗಿ ನಿಂತಿತು. ತಡೆಗೋಡೆಯ ನೀಲಿ ಗೆರೆಯಿಂದ ಒಂಬತ್ತು ಹೆಜ್ಜೆ, ತೀರ್ಪುಗಾರರ ಮೇಜಿಗೆ ನೇರ. ಕೆಳಗೆ ಏನೂ ಇರಲಿಲ್ಲ, ಗಾಜಿನಷ್ಟು ನುಣುಪು. ಆದರೂ ಅಂಗೈಗೆ ಗೊತ್ತಾಯಿತು, ಬಿದ್ದ ಹಲ್ಲಿನ ಜಾಗ ನಾಲಿಗೆಗೆ ಗೊತ್ತಾಗುವ ಹಾಗೆ. ಮೈಕ್ ಸ್ಟ್ಯಾಂಡು ಹಿಡಿದು ಬಂದ ಧ್ವನಿವರ್ಧಕದವನಿಗೆ "ತಡಿ" ಎಂದು ಹೇಳಿ ಹಲಗೆ ತಂದಿಟ್ಟ. ಕಾರ್ಯದರ್ಶಿಗಳು ದೂರದಿಂದ ಕಣ್ಣು ಕಿರಿದು ಮಾಡಿದರು, ಅಷ್ಟರಲ್ಲಿ ಅತಿಥಿಗಳ ಕಾರು ಬಂತು, ಓಡಿದರು. ಇದೊಂದು ದೊಡ್ಡ ವಿಜಯವೆಂದು ಅವನಿಗೆ ಅನ್ನಿಸಿದ್ದು ಅವನಿಗೇ ಹೇಸಿಗೆ ತಂದಿತು. ನಿನ್ನೆ ಬೇಕಿದ್ದ ಹಲಗೆ ಈ ದಿನ ಹಾಕಿದ ಮಹಾವೀರ.

ಸಮಾರೋಪ ಸಾಂಗವಾಗಿ ನಡೆಯಿತು. ಮುಖ್ಯ ಅತಿಥಿಗಳು ಈ ಸಲ ಸೋಲು ಗೆಲುವುಗಳ ಬಗ್ಗೆ ಹದಿನಾಲ್ಕೇ ನಿಮಿಷ ಮಾತಾಡಿದರು. ಗೆದ್ದವರಿಗೆ ಪದಕ, ಗೆಲ್ಲದವರಿಗೆ ಪ್ರಮಾಣಪತ್ರ, ಕಾರ್ಯದರ್ಶಿಗಳಿಗೆ ಅಧ್ಯಕ್ಷರಿಂದ ಸನ್ಮಾನ, ಅಧ್ಯಕ್ಷರಿಗೆ ಕಾರ್ಯದರ್ಶಿಗಳಿಂದ ಸನ್ಮಾನ. ಅವನು ಗೋಡೆಯ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದ. ಜೇಬಿನಲ್ಲಿ ನೀಲಿ ಮಣಿ, ಅದರ ಪಕ್ಕದಲ್ಲೇ ಕನ್ನಡಕ. ಇಡೀ ಹೊತ್ತು ಅಲ್ಲೇ ಇತ್ತು. ಕೊನೆಗೆ ಕಾರ್ಯದರ್ಶಿಗಳು ಮೈಕಿನ ಮುಂದೆ ಬಂದು, ನಿನ್ನೆ ಲೇಸು ಕಟ್ಟುವಾಗಿನ ಸಣ್ಣ ಅಜಾಗರೂಕತೆಯಿಂದ ನಡೆದ ದುರದೃಷ್ಟಕರ ಘಟನೆಯನ್ನು ಸ್ಮರಿಸಿ, ಪೋಷಕರೆಲ್ಲರಿಗೂ ಇದೊಂದು ಪಾಠವಾಗಲಿ ಎಂದು ಹಾರೈಸಿ, ಆ ಸ್ಪರ್ಧಿಯ ತಾಯಿ ವೇದಿಕೆಗೆ ಬರಬೇಕೆಂದು ಕೋರಿದರು.

ಅವಳು ಬಂದಳು. ಹೆಗಲಿಗೆ ಚೀಲ. ಹನ್ನೊಂದು ವರ್ಷ ಗೋಡೆಯ ಆಚೆ ಕೂತವಳು, ಐಸಿನ ಮೇಲೆ ಕಾಲಿಟ್ಟದ್ದು ಇದೇ ಮೊದಲು. ಜಮಖಾನದ ಮೇಲೂ ಜಾರೀತೆಂದು ಅಂಗಾಲು ಊರಿ ಊರಿ ನಡೆದಳು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರು ತಟ್ಟಬೇಕೋ ಬೇಡವೋ ತಿಳಿಯದೆ ಅರ್ಧಕ್ಕೆ ನಿಲ್ಲಿಸಿದರು. ಪ್ರಮಾಣಪತ್ರ ತೆಗೆದುಕೊಳ್ಳುವಾಗ ಅವಳು ಮುಖ್ಯ ಅತಿಥಿಗಳಿಗೆ ಏನೋ ಹೇಳಿದಳು. ಮೈಕು ಹತ್ತಿರವೇ ಇದ್ದದ್ದರಿಂದ ಅದು ಇಡೀ ಸಭಾಂಗಣಕ್ಕೆ ಕೇಳಿಸಿತು.

"ತಪ್ಪಾಯ್ತು ಸಾರ್," ಎಂದಿದ್ದಳು.

ಐಸಿನವನಿಗೆ ಆಮೇಲೆ ಯೋಚಿಸಿದಾಗಲೂ ತಾನು ನಿರ್ಧಾರವೊಂದನ್ನು ಮಾಡಿದೆನೆಂದು ಅನ್ನಿಸಲಿಲ್ಲ. ನಿನ್ನೆ ಬಗ್ಗಿ ಓಡಿದ್ದು ಹೇಗೆ ಮೈಯ ಕೆಲಸವೋ ಇದೂ ಮೈಯದೇ. ಬಕೆಟ್ಟು ಸಮೇತ ಒಳಗೆ ನಡೆದು, ಜಮಖಾನದ ಅಂಚು ಮಡಿಚಿ, ಒಂ‌ಬತ್ತನೆಯ ಹೆಜ್ಜೆಯಲ್ಲಿ ಮಂಡಿಯೂರಿದ. ಐಸಿನ ಗಂಜಿಯನ್ನು ಒಂದು ಹಿಡಿ ತೆಗೆದು, ಗುಂಡಿಯೇ ಇಲ್ಲದ ಆ ನುಣುಪಿನ ಮೇಲೆ ಇಟ್ಟು, ಅಂಗೈಯಲ್ಲಿ ಒತ್ತಿ ಹಿಡಿದ. ಅದು ಮುಷ್ಟಿಯಷ್ಟು ಸಣ್ಣ ದಿಬ್ಬವಾಗಿ ನಿಂತಿತು. ನಂತರ ತಲೆಯೆತ್ತಿ, ಅವಳೊಬ್ಬಳಿಗೇ ಹೇಳುವ ದನಿಯಲ್ಲಿ ಹೇಳಿದ. ಮೈಕು ಅದನ್ನೂ ಎತ್ತಿಕೊಂಡಿತು.

"ಲೇಸು ಬಿಚ್ಚಿರಲಿಲ್ಲಮ್ಮ. ಇಲ್ಲಿ ಗುಂಡಿ ಇತ್ತು. ಈ ಮೈಕಿನ ಕಾಲಿಂದು. ಮೂರಿತ್ತು, ನಾನು ಎರಡು ಮುಚ್ಚಿದೆ. ಇದನ್ನ ಮುಚ್ಚದೆ ಎದ್ದು ಹೋದೆ."

 ತೀರ್ಪುಗಾರರಲ್ಲಿ ಒಬ್ಬಾಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳು, ಮಿಡತೆಯ ಅಮ್ಮ, ಅವನನ್ನು ನೋಡಿದ ನೋಟದಲ್ಲಿ ಕೃತಜ್ಞತೆ ಇದ್ದೀತೆಂದು ಅವನು ಎಲ್ಲೋ ಒಳಗೆ ಆಸೆಪಟ್ಟಿದ್ದ. ಅದೂ ಬಗ್ಗುವ ಒಂದು ಬಗೆಯೇ. ಅಂಥದ್ದೇನೂ ಇರಲಿಲ್ಲ.

"ಬೆಳಿಗ್ಗೆ ಕೇಳಿದ್ನಲ್ಲ," ಎಂದಳು. "ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

ಅವನು ಗಂಜಿಯನ್ನು ಇನ್ನಷ್ಟು ಒತ್ತಿ ಹಿಡಿದ. ಅಂಗೈ ತಣ್ಣಗೆ ಉರಿಯುತ್ತಿತ್ತು. ಎಣಿಸತೊಡಗಿದ. ಅವಳು ಹೆಗಲ ಚೀಲದ ಮೇಲೆ ಕೈಯಿಟ್ಟು, ಬಟ್ಟೆಯ ಮೇಲಿಂದಲೇ ಒಳಗಿನ ಬೂಟನ್ನು, ಅದರ ಕೊಕ್ಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು, ಮೇಲಿನ ಕೊಕ್ಕೆಯ ಬಳಿ ಎರಡು ಸಲ. ಪ್ರಮಾಣಪತ್ರ ಕೈಜಾರಿ ಜಮಖಾನದ ಮೇಲೆ ಬಿದ್ದದ್ದನ್ನು ಅವಳು ನೋಡಲಿಲ್ಲ. ಹದಿನೆಂಟು, ಹತ್ತೊಂಬತ್ತು. ಕಾರ್ಯದರ್ಶಿಗಳು ಮೈಕನ್ನು ಮುಷ್ಟಿಯಲ್ಲಿ ಮುಚ್ಚಿ, ಮುಖದ ನಗೆ ಹಾಗೇ ಇಟ್ಟುಕೊಂಡು, ಕೆಳಕ್ಕೆ ಬಗ್ಗಿ ಹಲ್ಲಿನ ಸಂದಿಯಿಂದ ಉಸುರಿದರು. ಬಹುವಚನ ಹೀಟರಿನ ಕೋಣೆಯಲ್ಲೇ ಉಳಿದಿತ್ತು.

"ಏಯ್. ಏಳು. ಕ್ಯಾಮೆರಾದಲ್ಲಿ ಬರ್ತಿದೀಯ."

"ಬರ್ಲಿ ಸಾರ್."

"ಏಳು ಅಂದೆ."

"ಇನ್ನೂ ಹಿಡ್ಕೊಂಡಿಲ್ಲ," ಎಂದ, ಅಂಗೈ ಎತ್ತದೆ. "ಏಳಲ್ಲ."